ಉಪ್ಪುನೀರಿನ ಟ್ಯಾಂಕಿಗೆ ಆಕ್ಸಿಜನ್ ಸಾಲದಾದಾಗ: ಕಾರವಾರದಿಂದ ಒಂದು ಅನುಭವ

ಬೆಳಗ್ಗೆ ಲೈಟ್ ಹಾಕಿದ ಕೂಡಲೇ ಮೀನೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿವೆಯಾ? ಕಿವಿರು ಪಟಪಟ ಬಡಿದುಕೊಳ್ಳುತ್ತಿದೆಯಾ? ಮಧ್ಯಾಹ್ನ ನೋಡಿದರೆ ಏನೂ ಆಗದ ಹಾಗೆ ಓಡಾಡಿಕೊಂಡಿರುತ್ತವೆಯಾ? ಹಾಗಿದ್ದರೆ ಈ ಬರಹ ನಿಮಗೆ. ಹೋದ ಬೇಸಿಗೆಯಲ್ಲಿ ಶುರುವಾದ ಈ ಗೋಳು ಮಳೆಗಾಲ ಮುಗಿಯುವ ತನಕ ನನ್ನನ್ನು ಬಿಡಲಿಲ್ಲ. ಈಗ ಸರಿಹೋಗಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಬೆಂಗಳೂರಿನವರು ಹೇಳುವ ಉಪಾಯಗಳೆಲ್ಲ ನಮ್ಮ ಕರಾವಳಿಯಲ್ಲಿ ನಡೆಯುವುದಿಲ್ಲ, ಇಲ್ಲಿನ ಸೆಕೆ ಬೇರೆ, ಇಲ್ಲಿನ ಮಳೆ ಬೇರೆ, ಇಲ್ಲಿ ಕರೆಂಟ್ ಹೋಗುವ ರೀತಿಯೂ ಬೇರೆ.

ಮೊದಲು ಟ್ಯಾಂಕಿನ ವಿಷಯ. ನನಗೆ ಆಸೆ ಇದ್ದದ್ದು ಕಡಲ ಕುದುರೆಯ ಮೇಲೆ. ಅದಕ್ಕೆ ಎತ್ತರದ ಟ್ಯಾಂಕ್ ಬೇಕು, ಜೋಡಿ ಕುದುರೆಗಳು ಮೊಟ್ಟೆ ದಾಟಿಸುವಾಗ ಒಟ್ಟಿಗೆ ಮೇಲಕ್ಕೆ ಏಳುತ್ತವೆ. ಹಾಗಾಗಿ ಗಾಜಿನ ಅಂಗಡಿಯವನು 60 ಸೆಂಟಿಮೀಟರ್ ಉದ್ದ, 45 ಅಗಲ, 60 ಎತ್ತರದ ಟ್ಯಾಂಕ್ ಮಾಡಿಕೊಟ್ಟಿದ್ದ. ಆಮೇಲೆ ಅರಣ್ಯ ಇಲಾಖೆಯಲ್ಲಿರುವ ಗೆಳೆಯ ಊಟಕ್ಕೆ ಬಂದವನು ಖಾಲಿ ಟ್ಯಾಂಕ್ ನೋಡಿ ನಕ್ಕ. ಕಡಲ ಕುದುರೆ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿದೆ. ಹಿಡಿಯುವ ಹಾಗಿಲ್ಲ, ಮಾರುವ ಹಾಗಿಲ್ಲ, ಬಲೆಗೆ ತಾನಾಗಿ ಬಿದ್ದದ್ದನ್ನೂ ಮನೆಗೆ ತರುವ ಹಾಗಿಲ್ಲ. ಬಂದರಿನ ಕಡೆ ಯಾರಾದರೂ 'ತಂದುಕೊಡುತ್ತೇನೆ' ಅಂದರೆ ದಯವಿಟ್ಟು ಬೇಡ ಅನ್ನಿ. ಬಂಡೆ ಕಟ್ಟುವ ಹವಳಕ್ಕೂ ಅದೇ ಕಾನೂನು. ಚಂದ ಕಾಣುತ್ತದೆ ಅಂತ ಹವಳದ ತುಂಡು ತಂದು ಟ್ಯಾಂಕಿಗೆ ಹಾಕುವುದೂ ಬೇಡ, ಅಲಂಕಾರಕ್ಕೆ ಸಿರಾಮಿಕ್ ಕಲ್ಲು ಸಾಕು.

ಕೊನೆಗೆ ಹ್ಯಾಚರಿಯಲ್ಲಿ ಮರಿ ಮಾಡಿಸಿದ ಕ್ಲೌನ್ ಮೀನಿನ ಒಂದು ಜೋಡಿ, ಬ್ಯಾಂಗೈ ಕಾರ್ಡಿನಲ್‌ನ ಒಂದು ಜೋಡಿ, ಗೋಬಿ ಅನ್ನುವ ಒಂದು ಪುಟ್ಟ ಮೀನು ತರಿಸಿದೆ. ಬಿಲ್ಲಿನಲ್ಲಿ 'ಹ್ಯಾಚರಿ ಮರಿ' ಅಂತ ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ, ಆ ಬಿಲ್ ಜೋಪಾನವಾಗಿಡಿ. ಮೀನು ಬಂದದ್ದು ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ, ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಆಕ್ಸಿಜನ್ ತುಂಬಿದ ಚೀಲದಲ್ಲಿ. ಇಲ್ಲೊಂದು ಕಿವಿಮಾತು. ಚೀಲ ಬಿಚ್ಚಿದ ಕೂಡಲೇ ಒಳಗಿದ್ದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಏರುತ್ತದೆ, ಅಲ್ಲಿಯ ತನಕ ಅಷ್ಟು ಕೆಡುಕು ಮಾಡದೆ ಇದ್ದ ಅಮೋನಿಯ ವಿಷವಾಗುತ್ತದೆ. ದೂರದಿಂದ ಬಂದ ಮೀನನ್ನು ಬಿಚ್ಚಿದ ಚೀಲದಲ್ಲಿ ಗಂಟೆಗಟ್ಟಲೆ ಇಟ್ಟುಕೊಂಡು ಹನಿ ಹನಿ ನೀರು ಬಿಡುತ್ತಾ ಕೂರಬೇಡಿ. ಮುಚ್ಚಿದ ಚೀಲವನ್ನೇ ಟ್ಯಾಂಕಿನಲ್ಲಿ ತೇಲಿಬಿಟ್ಟು ಬಿಸಿ ಸಮ ಮಾಡಿ, ಉಪ್ಪಿನಂಶ ಮೊದಲೇ ಹೊಂದಿಸಿಟ್ಟುಕೊಂಡು, ಬೇಗ ಒಳಗೆ ಬಿಡಿ.

'ಎದುರಿಗೇ ಸಮುದ್ರ ಇರುವಾಗ ಉಪ್ಪು ದುಡ್ಡು ಕೊಟ್ಟು ತರುವುದಾ?' ಅಂತ ಕೇಳದವರೇ ಇಲ್ಲ. ಬೈತಖೋಲ್ ಬಂದರಿನ ನೀರಿನ ಮೇಲೆ ಡೀಸೆಲ್ ತೇಲುತ್ತಿರುತ್ತದೆ. ಪಕ್ಕದ ಮನೆಯ ಹರಿಕಂತ್ರರ ಅಣ್ಣ ಇನ್ನೂ ಸರಿಯಾಗಿ ಹೇಳಿದರು. 'ಮಾಸ್ತರೇ, ಮಳೆ ಬಿದ್ದ ಮೇಲೆ ಇಲ್ಲಿನ ನೀರು ಅರ್ಧ ಕಾಳಿ ಹೊಳೆಯದ್ದೇ. ಅದು ಕುಡಿಯಲಿಕ್ಕೂ ಬರುವುದಿಲ್ಲ, ನಿಮ್ಮ ಮೀನಿಗೂ ಬರುವುದಿಲ್ಲ.' ಇನ್ನೊಂದು ಕಾರಣವೂ ಇದೆ. ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ತುಂಬಾ. ಕ್ಯಾನಿನಲ್ಲಿ ಮುಚ್ಚಿಟ್ಟರೆ ಅವು ಸತ್ತು ಕೊಳೆತು, ಇದ್ದ ಆಕ್ಸಿಜನ್ನನ್ನೂ ತಿಂದು ಮುಗಿಸುತ್ತವೆ. ನಾನು ಅಕ್ವೇರಿಯಂ ಉಪ್ಪನ್ನೇ ಆರ್‌ಒ ನೀರಿಗೆ ಬೆರೆಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಂದ್ರತೆ 1.025ಕ್ಕೆ ನಿಲ್ಲಿಸುತ್ತೇನೆ.

ಚಳಿಗಾಲ ಚೆನ್ನಾಗಿಯೇ ಹೋಯಿತು. ಏಪ್ರಿಲ್ ಬಂತು. ಕಾರವಾರದ ಸೆಕೆ ಗೊತ್ತಲ್ಲ, ಗೋಡೆಯೂ ಬೆವರುತ್ತದೆ. ಟ್ಯಾಂಕಿನ ನೀರು 30 ಡಿಗ್ರಿ ದಾಟಿತು. ಆಗ ಶುರುವಾಯಿತು ಬೆಳಗಿನ ಬಾಯಿ ಬಡಿತ. ಶಿರಸಿಯಿಂದ ಬಂದಿದ್ದ ಆಯಿ ದೇವರ ದೀಪ ಹಚ್ಚಿ ಬಂದು ಟ್ಯಾಂಕ್ ಮುಂದೆ ನಿಂತು, 'ಮೀನಿಗೂ ದಮ್ಮು ಬತ್ತಾ ತಮಾ?' ಅಂತ ಕೇಳಿದಳು. ಅವಳಿಗೇ ದಮ್ಮಿನ ಕಾಯಿಲೆ, ಲಕ್ಷಣ ಎಲ್ಲರಿಗಿಂತ ಮೊದಲು ಗುರುತಿಸಿದ್ದೂ ಅವಳೇ.

ಅಂಗಡಿಯವನು ಹೇಳಿದ್ದು ಒಂದೇ ಮದ್ದು, ಏರ್ ಪಂಪ್ ಹಾಕಿ. ಹಾಕಿದ್ದಾಯಿತು. ಗುಳ್ಳೆ ಬುಸಬುಸ ಬಂತು. ಮೀನಿನ ಸ್ಥಿತಿ ಹಾಗೇ ಇತ್ತು. ಇನ್ನೂ ದೊಡ್ಡ ಪಂಪ್ ಹಾಕಿ ಅಂದ, ಅದೂ ಆಯಿತು. ಆಗ ಆದದ್ದು ಏನಂದರೆ, ಗುಳ್ಳೆ ಒಡೆದು ಹಾರಿದ ಉಪ್ಪುನೀರು ಗೋಡೆಗೆ, ಲೈಟಿಗೆ, ಸ್ವಿಚ್ ಬೋರ್ಡಿಗೆ ಬಿಳಿ ಪದರವಾಗಿ ಕೂತಿತು. ಮೊದಲೇ ಕಡಲ ಗಾಳಿಗೆ ಕಬ್ಬಿಣ ಉಳಿಯದ ಊರು ಇದು. ಪ್ಲಗ್ಗಿನ ಪಿನ್ನು ಹಸಿರು ಹಿಡಿಯಿತು. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಹೋಗುವ ಹಾಗೆ ಕಟ್ಟಿ, ಜಾರಿದ ನೀರು ಸಾಕೆಟ್ಟಿಗೆ ಹೋಗದೆ ಕೆಳಗೇ ತೊಟ್ಟಿಕ್ಕಲಿ. ಇದು ಮೀನಿಗಲ್ಲ, ನಿಮ್ಮ ಜೀವಕ್ಕೆ.

ನಮ್ಮ ಭಾವನ ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ಅಲ್ಲಿ ಸಾಕಣೆ ಕೇಂದ್ರದಲ್ಲಿ ಹುಟ್ಟಿದ ದೊಡ್ಡ ಹೊಟ್ಟೆಯ ಕಡಲ ಕುದುರೆಗಳನ್ನು ಸಾಕಿದ್ದಾನೆ, ಅಲ್ಲಿ ಅದಕ್ಕೆ ಅವಕಾಶ ಇದೆ. ವಿಡಿಯೋ ಕಾಲ್ ಮಾಡಿ ಟ್ಯಾಂಕ್ ತೋರಿಸಿದೆ. ಅವನು ಗುಳ್ಳೆ ಕಡೆ ನೋಡಲೇ ಇಲ್ಲ. 'ಮಾವ, ಮೊಬೈಲ್ ನೀರಿನ ಮಟ್ಟಕ್ಕೆ ಹಿಡಿ, ಮೇಲ್ಮೈ ತೋರಿಸು' ಅಂದ. ಹಿಡಿದರೆ ಹಾಲಿನ ಕೆನೆಯ ಹಾಗೆ ತೆಳುವಾದ ಎಣ್ಣೆಪದರ. ಮೇಲೆ ಗಾಜಿನ ಮುಚ್ಚಳ ಬಿಗಿಯಾಗಿ ಕೂತಿದೆ. ಮೂಲೆಗಳಲ್ಲಿ ನೀರು ಅಲ್ಲಾಡುತ್ತಲೇ ಇಲ್ಲ.

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಇದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಟ್ಯಾಂಕಿನ ನೀರಿಗೆ ಆಕ್ಸಿಜನ್ ಬರುವುದು ಹೆಚ್ಚಾಗಿ ಮೇಲ್ಮೈಯಿಂದ. ಗುಳ್ಳೆ ತಳದಿಂದ ಮೇಲೆ ಬರಲು ಒಂದೆರಡು ಸೆಕೆಂಡು ಸಾಕು, ಅಷ್ಟರಲ್ಲಿ ಅದು ನೀರಿಗೆ ಕೊಡುವುದು ಸ್ವಲ್ಪವೇ. ಗುಳ್ಳೆಯ ಲಾಭ ಏನಿದ್ದರೂ ತಳದ ನೀರನ್ನು ಮೇಲಕ್ಕೆ ಎಳೆಯುವುದು, ಮೇಲ್ಮೈ ಕಲಕುವುದು. ಮೇಲೆ ಎಣ್ಣೆಪದರ ಇದ್ದರೆ, ಮುಚ್ಚಳದ ಕೆಳಗಿನ ಗಾಳಿಯೇ ಬದಲಾಗದಿದ್ದರೆ, ಎಷ್ಟು ಗುಳ್ಳೆ ಬಿಟ್ಟರೂ ಅಷ್ಟೇ. ನನ್ನ ಎತ್ತರದ ಟ್ಯಾಂಕಿಗೆ ಇನ್ನೊಂದು ಕಷ್ಟ. 162 ಲೀಟರ್ ನೀರಿಗೆ ಮೇಲ್ಮೈ ಇರುವುದು 60×45. ಅದೇ ನೀರು 90×45×40ರ ಟ್ಯಾಂಕಿನಲ್ಲಿದ್ದರೆ ಮೇಲ್ಮೈ ಒಂದೂವರೆ ಪಟ್ಟು ಸಿಗುತ್ತಿತ್ತು. ಹೊಸ ಟ್ಯಾಂಕ್ ಮಾಡಿಸುವವರು ಎತ್ತರಕ್ಕಿಂತ ಉದ್ದಕ್ಕೆ ದುಡ್ಡು ಹಾಕಿ.

ಸೆಕೆಯದ್ದು ಬೇರೆ ಲೆಕ್ಕ. ನೀರು ಬಿಸಿಯಾದಷ್ಟೂ ಆಕ್ಸಿಜನ್ ಕಡಿಮೆ ಹಿಡಿಯುತ್ತದೆ, ಉಪ್ಪು ಸೇರಿದರೆ ಇನ್ನೂ ಕಡಿಮೆ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿದರೆ, ಅದೇ ಬಿಸಿಯ ಸಮುದ್ರದ ನೀರು 6.7ರ ಆಸುಪಾಸು. 30 ಡಿಗ್ರಿಯಲ್ಲಿ ಅದು 6.2ಕ್ಕೆ ಇಳಿಯುತ್ತದೆ. ಭಾವನ ಮಗನ ತಣ್ಣನೆಯ ಟ್ಯಾಂಕಿನಲ್ಲಿ, 18 ಡಿಗ್ರಿಯಲ್ಲಿ, ಏಳೂವರೆ ದಾಟುತ್ತದೆ. ಅಂದರೆ ನಮಗೆ ಸಿಗುವ ಪೂರ್ತಿ ಪಾಲೇ ಚಿಕ್ಕದು, ಅದರಲ್ಲಿ ಸ್ವಲ್ಪ ಕಳೆದುಕೊಂಡರೂ ಮೀನಿಗೆ ಕುತ್ತು.

ಅಳೆಯದೆ ಯಾವುದನ್ನೂ ನಂಬಬಾರದು ಅನ್ನಿಸಿತು. ಕುಡಿಯುವ ನೀರು ಪರೀಕ್ಷಿಸುವ ಒಂದು ಲ್ಯಾಬಿಗೆ ಹೋದೆ. ಅರ್ಜಿ ಕೊಡಿ ಅಂದರು, ಕೊಟ್ಟೆ. ಆಧಾರ್ ನಕಲು ಕೇಳಿದರು, ಕೊಟ್ಟೆ. ಫಾರ್ಮಿನಲ್ಲಿ ಬಾವಿ, ಬೋರ್, ನಲ್ಲಿ ಅಂತ ಮೂರೇ ಕಲಂ, ಅಕ್ವೇರಿಯಂ ಅನ್ನುವುದು ಇಲ್ಲ. ಅದಕ್ಕೇ ಒಂದಷ್ಟು ದಿನ ಕಾಯಿಸಿ ಆಗುವುದಿಲ್ಲ ಅಂದರು. ಆಗದೇ ಇದ್ದದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಬಾಟಲಿಯಲ್ಲಿ ತುಂಬಿಕೊಂಡು ಸ್ಕೂಟರಿನಲ್ಲಿ ಕುಲುಕಿಸಿಕೊಂಡು ಹೋದ ನೀರಿನ ಆಕ್ಸಿಜನ್ ಲೆಕ್ಕಕ್ಕೆ ಅರ್ಥವಿಲ್ಲ. ಅಲ್ಲಿಯೇ, ಟ್ಯಾಂಕಿನ ಪಕ್ಕದಲ್ಲಿಯೇ ರಾಸಾಯನಿಕ ಹಾಕಿ ಅದನ್ನು ಕಟ್ಟಿಹಾಕಬೇಕು.

ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಈಗ ಕಡಲಜೀವಶಾಸ್ತ್ರ ಓದುತ್ತಿದ್ದಾನೆ. ಅವನು ಸದಾಶಿವಗಡದಿಂದ ಬೆಳಕು ಹರಿಯುವ ಮೊದಲೇ ಬಾಟಲಿ, ರಾಸಾಯನಿಕ ಎಲ್ಲ ಹಿಡಿದು ಬಂದ. 'ಸರ್, ಲೈಟ್ ಹಾಕಬೇಡಿ' ಅಂತ ಬಾಗಿಲಲ್ಲೇ ಹೇಳಿದ. ಟ್ಯಾಂಕಿನ ಪಾಚಿ ಹಗಲಲ್ಲಿ ಆಕ್ಸಿಜನ್ ಕೊಡುತ್ತದೆ, ರಾತ್ರಿಯಿಡೀ ಅದೇ ತಿನ್ನುತ್ತದೆ, ಹಾಗಾಗಿ ಬೆಳಗಿನ ಜಾವದ್ದೇ ಅತೀ ಕಡಿಮೆ ಅಂಕಿ. ಅವನು ಮಾಡಿದ್ದು ವಿಂಕ್ಲರ್ ವಿಧಾನ. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕಂಡುಹಿಡಿದದ್ದು, ಈಗಲೂ ಮೀಟರುಗಳನ್ನು ತಾಳೆ ನೋಡಲು ಇದನ್ನೇ ಬಳಸುತ್ತಾರೆ. ಗುಳ್ಳೆ ಒಂದೂ ಇಲ್ಲದ ಹಾಗೆ ಬಾಟಲಿ ತುಂಬಿಸಬೇಕು. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಸೇರಿದ ಅಯೊಡೈಡ್ ಹಾಕಿದರೆ ಮಡ್ಡಿ ಕೂರುತ್ತದೆ. ಆಕ್ಸಿಜನ್ ಜಾಸ್ತಿ ಇದ್ದರೆ ಗಾಢ ಕಂದು, ಏನೂ ಇಲ್ಲದಿದ್ದರೆ ಬಿಳಿ. ಹಿಂದಿನ ಸಂಜೆ ಅವನೇ ಬಂದು ತೆಗೆದಿಟ್ಟ ಬಾಟಲಿ ಚಹಾ ಬಣ್ಣಕ್ಕಿತ್ತು. ಬೆಳಗಿನದ್ದು ಮಸುಕು. ಲೆಕ್ಕ ಹಾಕಿದರೆ ಸಂಜೆ ಐದೂವರೆ ಮಿಲಿಗ್ರಾಂ, ಬೆಳಗ್ಗೆ ನಾಲ್ಕಕ್ಕೂ ಕಡಿಮೆ. ಐದರ ಮೇಲೆ ಇರಬೇಕು ಅನ್ನುವುದು ಸಾಮಾನ್ಯ ಗುರಿ. ಎರಡು ಬಾಟಲಿ ಪಕ್ಕಪಕ್ಕ ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಆ ವಾರದಲ್ಲೇ ಗೋಬಿ ಸತ್ತಿತು.

ಮನೆಯಲ್ಲೇ ಆಕ್ಸಿಜನ್ ಅಳೆಯುವ ಕಿಟ್ ಸಿಗುತ್ತದೆ. ತರಿಸುವುದಾದರೆ ಡಬ್ಬಿಯ ಮೇಲಿನ ಅವಧಿ ನೋಡಿ. ನನಗೆ ಮೊದಲು ಬಂದದ್ದು ಅವಧಿ ಮುಗಿದಿತ್ತು, ವಾಪಸ್ ಕಳಿಸಿ ಇನ್ನೊಂದು ಅರಬೈಲ್ ಘಟ್ಟ ಇಳಿದು ಬರುವ ಹೊತ್ತಿಗೆ ಮುಂಗಾರು ಶುರುವಾಗಿತ್ತು.

ಈಗ ಮಾಡಿದ ಕೆಲಸಗಳು. ಗಾಜಿನ ಮುಚ್ಚಳ ತೆಗೆದು ಅಲ್ಯೂಮಿನಿಯಂ ಚೌಕಟ್ಟಿಗೆ ನೈಲಾನ್ ಜಾಲರಿ ಕಟ್ಟಿಸಿದೆ. ಖರ್ಚು ನಾನೂರರ ಒಳಗೆ, ಫಲ ಮಾತ್ರ ದೊಡ್ಡದು. ಎರಡನೆಯದು ನೀರನ್ನು ತಳ್ಳಿ ಅಲೆ ಎಬ್ಬಿಸುವ ಪಂಪು, ಅಂದರೆ ವೇವ್‌ಮೇಕರ್, ಎರಡು ಸಾವಿರದ ಹತ್ತಿರ. ಅದರ ಬಾಯಿ ಸ್ವಲ್ಪ ಮೇಲಕ್ಕೆ ತಿರುಗಿಸಿ. ಮೇಲ್ಮೈ ಸುಕ್ಕುಸುಕ್ಕಾಗಿ ಕಾಣಬೇಕು, ಆದರೆ ಗಾಳಿ ಎಳೆದುಕೊಂಡು ಗುರ್ರೆನ್ನಬಾರದು. ಲೈಟಿನ ಬೆಳಕು ತಳದ ಮರಳಿನ ಮೇಲೆ ಮಿನುಗುತ್ತಾ ಓಡಾಡಿದರೆ ಸರಿಯಾಗಿದೆ ಅಂತ ಅರ್ಥ. ಹೊರದೇಶದಲ್ಲಿ ಕಡಲ ಕುದುರೆ ಸಾಕಿದವರು ಇಷ್ಟು ಜೋರು ಮಾಡುವ ಹಾಗಿಲ್ಲ, ಅವು ಈಜುವುದರಲ್ಲಿ ಬಲಹೀನ, ಕಿವಿರೂ ಗೊಂಚಲಿನಂಥದ್ದು. ಅವರು ಮೇಲ್ಮೈಯ ನೀರು ಮಾತ್ರ ಉಕ್ಕಿ ಇಳಿಯುವ ವ್ಯವಸ್ಥೆ ಮಾಡಿ, ಸಣ್ಣ ಗುಳ್ಳೆ ಟ್ಯಾಂಕಿನೊಳಗೆ ಬಾರದ ಹಾಗೆ ನೋಡಿಕೊಳ್ಳುತ್ತಾರೆ.

ಮೂರನೆಯದು ಪ್ರೋಟೀನ್ ಸ್ಕಿಮ್ಮರ್. ಟ್ಯಾಂಕಿನ ಹಿಂದೆ ತೂಗುಹಾಕುವ ಬಗೆಯದ್ದು, ಆರು ಸಾವಿರ ದಾಟಿತು. ನೋವಾಯಿತು, ಆದರೆ ಇಡೀ ಖರ್ಚಿನಲ್ಲಿ ಇದಕ್ಕೆ ಕೊಟ್ಟದ್ದೇ ಸಾರ್ಥಕ. ಕೊಳೆ ನೊರೆಯಾಗಿ ಮೇಲೆ ಬಂದು ಕಪ್ಪಿನಲ್ಲಿ ಸೇರುತ್ತದೆ, ವಾಸನೆ ಮಾತ್ರ ಕೇಳಬೇಡಿ. ಇಲ್ಲಿನ ಗುಳ್ಳೆ ತುಂಬಾ ಸಣ್ಣದು, ನೀರಿನ ಜೊತೆ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ಏರ್ ಪಂಪ್ ಮಾಡದ ಕೆಲಸ ಇದು ಮಾಡುತ್ತದೆ. ಕೊಳೆ ಹೊರಗೆ ಹೋದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ತಿನ್ನುವ ಆಕ್ಸಿಜನ್ನೂ ಉಳಿಯುತ್ತದೆ. ಅಮೋನಿಯದಲ್ಲಿನ ಒಂದು ಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಕ್ಕೆ ನಾಲ್ಕೂವರೆ ಗ್ರಾಂ ಆಕ್ಸಿಜನ್ ಬೇಕು. ಮೀನಿಗಿಂತ ದೊಡ್ಡ ಹೊಟ್ಟೆ ಆ ಬ್ಯಾಕ್ಟೀರಿಯಾದ್ದು.

ಅದಕ್ಕೇ ಊಟವನ್ನೂ ಕಡಿಮೆ ಮಾಡಿದೆ. ಊಟ ಅಂದರೆ ಮೈಸಿಸ್ ಅನ್ನುವ ಸಣ್ಣ ಸಿಗಡಿ, ಹಿಮಗಟ್ಟಿಸಿದ್ದು. 'ಯನ್ನ ಫ್ರಿಜ್ಜಲ್ಲಿ ಅದ್ನ ಇಡಡ' ಅಂತ ಆಯಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಹಾಗಾಗಿ ಅದು ಪಕ್ಕದ ಮನೆಯ ಅಕ್ಕನ ಫ್ರೀಜರಿನಲ್ಲಿ ಬಂಗಡೆಯ ಪಕ್ಕ ಇತ್ತು. ದಿನಾ ಹೋಗಿ ಕೇಳಬೇಕಾದ್ದರಿಂದ ತಾನಾಗಿಯೇ ಮೀನಿಗೆ ಹಾಕುವ ಪ್ರಮಾಣ ಹಿಡಿತಕ್ಕೆ ಬಂತು.

ಫ್ಯಾನ್ ಬಗ್ಗೆ. ಮೇಲ್ಮೈಗೆ ಗಾಳಿ ಬೀಸುವ ಹಾಗೆ ಸಣ್ಣ ಫ್ಯಾನ್ ಇಟ್ಟರೆ ನೀರು ಆವಿಯಾಗಿ ಎರಡು ಡಿಗ್ರಿ ತಣ್ಣಗಾಗುತ್ತದೆ. ಏಪ್ರಿಲ್‌ನಲ್ಲಿ ಚೆನ್ನಾಗಿ ನಡೆಯಿತು. ಜೂನ್ ಬಂದ ಮೇಲೆ ಗಾಳಿಯಲ್ಲೇ ನೀರು ತುಂಬಿರುವಾಗ ಆವಿಯಾಗಲು ಜಾಗವೆಲ್ಲಿ? ಆಗ ಅಷ್ಟೇನೂ ಉಪಯೋಗವಿಲ್ಲ, ಅದೃಷ್ಟಕ್ಕೆ ಸೆಕೆಯೂ ಇಳಿದಿರುತ್ತದೆ. ಆವಿಯಾಗಿ ಕಡಿಮೆಯಾದ ನೀರಿಗೆ ಬರಿಯ ಆರ್‌ಒ ನೀರು ಸೇರಿಸಿ. ಉಪ್ಪು ಆವಿಯಾಗುವುದಿಲ್ಲ, ಒಳಗೇ ಇರುತ್ತದೆ.

ಮಳೆಗಾಲದಲ್ಲಿ ಹೊಸ ತಲೆನೋವು. ಕಿಟಕಿ ಬಾಗಿಲು ಮುಚ್ಚಿ ಮನೆಮಂದಿಯೆಲ್ಲ ಒಳಗೆ, ಗ್ಯಾಸ್ ಒಲೆಯೂ ಉರಿಯುತ್ತಿದೆ, ಪಿಎಚ್ 7.8ಕ್ಕೆ ಇಳಿಯಿತು. ಆಕ್ಸಿಜನ್ ನೋಡಿದರೆ ಸರಿಯಾಗಿತ್ತು. ಇವೆರಡೂ ಬೇರೆ ಬೇರೆ. ಕೋಣೆಯ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ನೀರಿಗೂ ಅದೇ ಸೇರುತ್ತದೆ. ಕಂಡುಹಿಡಿಯುವುದು ಸುಲಭ. ಒಂದು ಪಾತ್ರೆಯಲ್ಲಿ ಟ್ಯಾಂಕಿನ ನೀರು ತೆಗೆದುಕೊಂಡು ಜಗುಲಿಯಲ್ಲಿಟ್ಟು ಒಂದು ಗಂಟೆ ಗಾಳಿ ಹಾಯಿಸಿ. ಪಿಎಚ್ ಏರಿದರೆ ದೋಷ ಕೋಣೆಯ ಗಾಳಿಯದ್ದು. ನಾನು ಸ್ಕಿಮ್ಮರ್ ಗಾಳಿ ಎಳೆಯುವ ಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಟ್ಟು, ತುದಿಗೆ ಸೊಳ್ಳೆಪರದೆಯ ತುಂಡು ಕಟ್ಟಿದೆ. ಪಿಎಚ್ 8.1ಕ್ಕೆ ಬಂತು.

ಇನ್ನು ಕರೆಂಟ್. ಜುಲೈನಲ್ಲಿ ಒಂದು ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಲೈನ್ ಹೋಯಿತು. ನಮ್ಮ ಹಳೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದ್ದು, ಅದರಲ್ಲಿ ಪಂಪು ಗುಂಯ್ ಅನ್ನುತ್ತಾ ಬಿಸಿಯಾಯಿತು, ನಿಲ್ಲಿಸಬೇಕಾಯಿತು. ಆಮೇಲೆ ತಂಬಿಗೆಯೇ ಗತಿ. ನೀರು ಮೊಗೆದು ಒಂದು ಅಡಿ ಮೇಲಿನಿಂದ ಹೊಯ್ಯುವುದು, ಮತ್ತೆ ಮೊಗೆಯುವುದು. ನಾನು ತೂಕಡಿಸಿದಾಗ ಆಯಿ ಬಂದು ತಂಬಿಗೆ ಕಸಿದುಕೊಂಡಳು. ಕೈಗೆ ಮೀನಿನ ನೀರು ತಾಗಬಾರದು ಅಂತ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದಳು, ಬಾಯಲ್ಲಿ ವಿಷ್ಣು ಸಹಸ್ರನಾಮ. ನಾಲ್ಕೂ ಮೀನು ಉಳಿದವು. ಈ ಉಪಾಯ ಬಡವರ ಪಾಲಿನದ್ದು ಅಂತ ಕಡೆಗಣಿಸಬೇಡಿ, ನಿಜಕ್ಕೂ ಕೆಲಸ ಮಾಡುತ್ತದೆ.

ಕರೆಂಟ್ ಬಂದ ಮೇಲಿನ ಕೆಲಸ ಇನ್ನೂ ಮುಖ್ಯ. ಕ್ಯಾನಿಸ್ಟರ್ ಫಿಲ್ಟರ್ ಇದ್ದವರು ಗಂಟೆಗಟ್ಟಲೆ ನಿಂತ ಮೇಲೆ ಹಾಗೇ ಆನ್ ಮಾಡಬೇಡಿ. ಮುಚ್ಚಿದ ಡಬ್ಬಿಯೊಳಗೆ ಆಕ್ಸಿಜನ್ ಮುಗಿದು ಬ್ಯಾಕ್ಟೀರಿಯಾ ಸತ್ತು ನೀರು ಕೆಟ್ಟಿರುತ್ತದೆ, ಅದೆಲ್ಲ ಒಮ್ಮೆಗೇ ಟ್ಯಾಂಕಿಗೆ ಬೀಳುತ್ತದೆ. ಆ ನೀರು ಚೆಲ್ಲಿ, ಟ್ಯಾಂಕಿನದೇ ನೀರಿನಲ್ಲಿ ಸ್ಪಂಜು ಜಾಲಿಸಿ, ಆಮೇಲೆ ಶುರು ಮಾಡಿ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಕೊಳವೆಗೆ ನೀರು ಹಿಂದಕ್ಕೆ ಬಿಡದ ವಾಲ್ವ್ ಹಾಕಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಹಿಮ್ಮುಖವಾಗಿ ಪಂಪಿಗೆ ಇಳಿಯುತ್ತದೆ. ಸ್ಕಿಮ್ಮರ್ ಮತ್ತೆ ಶುರುವಾದಾಗ ನೊರೆ ಉಕ್ಕುವುದುಂಟು, ಕಪ್ ಮೊದಲೇ ಖಾಲಿ ಮಾಡಿ.

ಆ ರಾತ್ರಿಯ ನಂತರ ಸೈನ್ ವೇವ್ ಇನ್ವರ್ಟರ್ ಬಂತು. ಸ್ಕಿಮ್ಮರ್, ವೇವ್‌ಮೇಕರ್ ಎರಡೂ ಸೇರಿ 25 ವಾಟ್ ಕೂಡ ಇಲ್ಲ, ಕೋಣೆಯ ಫ್ಯಾನ್ ಬಂದ್ ಮಾಡಿದರೆ ರಾತ್ರಿ ಹಗಲು ಓಡುತ್ತವೆ. ಜೊತೆಗೆ ಕರೆಂಟ್ ಹೋದ ಕೂಡಲೇ ತಾನಾಗಿ ಆನ್ ಆಗುವ ಬ್ಯಾಟರಿ ಏರ್ ಪಂಪ್ ಒಂದು, ಏಳುನೂರರ ಒಳಗೆ. ಸೆಪ್ಟೆಂಬರ್ ಕೊನೆಗೆ ಹುಡುಗ ಮತ್ತೆ ಬೆಳಗಿನ ಜಾವ ಬಂದು ಅಳೆದ. 5.6. ಮಡ್ಡಿ ಚೆನ್ನಾಗಿ ಕಂದಾಗಿತ್ತು.

ಒಟ್ಟು ಖರ್ಚು ಇನ್ವರ್ಟರ್ ಬಿಟ್ಟು ಹತ್ತು ಸಾವಿರ ದಾಟಿದೆ. ಎಲ್ಲ ಒಮ್ಮೆಗೇ ಆಗುವುದಿಲ್ಲ ಅನ್ನುವವರು ಮೊದಲು ಮುಚ್ಚಳ ಬದಲಿಸಿ, ಅದು ಹೆಚ್ಚುಕಡಿಮೆ ಪುಕ್ಕಟೆ. ಎಣ್ಣೆಪದರ ಇದ್ದರೆ ಪಂಪ್ ನಿಲ್ಲಿಸಿ ಟಿಶ್ಯೂ ಪೇಪರ್ ಮೇಲ್ಮೈಗೆ ಹಾಸಿ ಎತ್ತಿ, ಅವತ್ತಿನ ಮಟ್ಟಿಗೆ ಹೋಗುತ್ತದೆ. ಆಮೇಲೆ ಬ್ಯಾಟರಿ ಪಂಪ್, ಅದಾದ ಮೇಲೆ ವೇವ್‌ಮೇಕರ್. ಸ್ಕಿಮ್ಮರಿಗೆ ದುಡ್ಡು ಕೂಡುವ ತನಕ ಹೊಸ ಮೀನು ತರಬೇಡಿ. ಏನೇ ತರಿಸುವುದಿದ್ದರೂ ಮೇ ತಿಂಗಳ ಒಳಗೆ ತರಿಸಿ, ಜೂನ್ ದಾಟಿದರೆ ಪಾರ್ಸಲ್ ಘಟ್ಟದ ಮೇಲೆಯೇ ಉಳಿದೀತು.